ಪಿನ್ನು

ಶಹಾಪುರ ಬಸ್‌ಸ್ಟ್ಯಾಂಡಿನ ಹಿಂದ, ಪತ್ರಾದ ಬುಡಕ
ಸಾಬಣ್ಣನ ಅಂಗಡಿ. ಮಧ್ಯಾಹ್ನ ಮೂರು.
ನನ್ನ ಲ್ಯಾಪ್‌ಟಾಪು ಮತ್ತ ನೀಲಿಯಾಯ್ತು,
ಅರ್ಧ ಬರದ ಹಾಜರಿ ಪಟ್ಟಿ ನುಂಗಿ.

"ಯಾವಾಗ ಬೀಳ್ತದ್ರೀ ಅಕ್ಕೋರ?"
ಅದು ಗೊತ್ತಿದ್ರ ನಾನೇ ಹಿಡೀತಿದ್ದೆ.

ಎಫ್-ಟೂ ಗುಂಡಿ ಕಿತ್ತುಹೋದ ತೂತಿಗೆ
ನನ್ನ ಕೂದಲ ಪಿನ್ನು ಒತ್ತಿ ಒಳಹೊಕ್ಕ.
ಕರೀ ತೆರಿ ಮ್ಯಾಲ ಬಿಳೀ ಸಾಲು:
ಮೊದಲು ಯಾರನ್ನ ಎಬ್ಬಿಸಲಿ,
ಡಿಸ್ಕೋ, ಪೆನ್‌ಡ್ರೈವೋ?
ಸರದಿ ಬದಲಿಸಿದ. ಬಿತ್ತು.
ಮತ್ತ ಬದಲಿಸಿದ. ಬಿತ್ತು.

ಕಡೀಗೆ ಬೆನ್ನು ಬಿಚ್ಚಿ, ರ‍್ಯಾಮ್ ತಗಡು ತಗದು,
ಮಗಳ ಕಂಪಾಸಿನ ಮಾವಿನ ವಾಸನಿ ರಬ್ಬರಿನಿಂದ
ಅದರ ಬಂಗಾರದ ಹಲ್ಲು ತಿಕ್ಕಿದ.

ತಿಕ್ಕಿದ್ದಕ್ಕೇ ನೆನಪಾಯ್ತು ಅದಕ್ಕ,
ಇಪ್ಪತ್ತೊಂದನೇ ಹೆಸರಿನ ತನಕ.

ಊರಾಚೆ ಗುಡ್ಡದಾಗ ಬುದ್ಧ ಮಲಗೇ ಇದ್ದ.
"ಆತ್ರೀ" ಅಂದ ಸಾಬಣ್ಣ.
ಪಿನ್ನು ಮಾತ್ರ ವಾಪಸ್ ಕೊಡಲಿಲ್ಲ:
"ಇಲ್ಲೇ ಇರಲಿ. ಮತ್ತ ಬರ್ತೀರಲ್ಲ."