ಮೂವತ್ತೆಂಟು ತಂತಿ

ಕ್ಯಾರಲ್ ಹಾಡಿ ಮುಗಿಸಿ ಬರುವಾಗ
ಮಂಜೇಶ್ವರದ ರೈಲ್ವೆ ಗೇಟಿನ ಬಳಿ ಅಪ್ಪನ ಸ್ಕೂಟರು ಜಾರಿತು.
ಅಪ್ಪನಿಗೆ ಮೊಣಕೈ ತರಚಿತು,
ಗಿಟಾರಿಗೆ ಹೊಟ್ಟೆ ಒಡೆಯಿತು.
ಮನೆಯಲ್ಲಿ ಮೊದಲು ಯಾವುದನ್ನು ಮುಟ್ಟಿ ನೋಡಿದರು
ಎಂದು ಮಾತ್ರ ಕೇಳಬೇಡಿ.

ಎರಡು ವರ್ಷ ಕಪಾಟಿನ ಮೇಲೆ ಧೂಳು ತಿಂದಿತು.
ಕೊನೆಗೆ ಹೊತ್ತುಕೊಂಡು ಹೋದವಳು ನಾನು,
ಹೊಸಬೆಟ್ಟಿನ ಕುಂಞಂಬು ಮೇಸ್ತ್ರಿಯ ಚಪ್ಪರಕ್ಕೆ.
ದೋಣಿ ಕಟ್ಟುವವರು. ಗಿಟಾರು ಮುಟ್ಟಿದ್ದು ಅದೇ ಮೊದಲು.
ಮಗುಚಿ, ಬೆನ್ನಿಗೆ ಗೆಣ್ಣಿನಿಂದ ಕುಟ್ಟಿ, ಕಿವಿಯಿಟ್ಟು ಹೇಳಿದರು:
"ಇದೂ ದೋಣಿಯೇ ಮಾರಾಯ್ತಿ.
ಅಲ್ಲಿ ನೀರು ಒಳಗೆ ಬರಬಾರದು,
ಇಲ್ಲಿ ಗಾಳಿ ಹೊರಗೆ ಹೋಗಬೇಕು."

ಅಷ್ಟೇ ಆಗಿದ್ದರೆ ಒಂದು ವಾರದ ಕೆಲಸ.
ಆದರೆ ಯಾವತ್ತೋ ಉಪ್ಪಳದ ಹೋಟೆಲಿನಲ್ಲಿ
ಟೀವಿಯೊಳಗೊಬ್ಬರು ಸಂತೂರ್ ನುಡಿಸುತ್ತಿದ್ದರಂತೆ.
ಪರೋಟಾ ಕಲ್ಲಿನ ಗಲಾಟೆ, ಶಬ್ದ ಕೇಳಿಸಲಿಲ್ಲ.
ಕಂಡದ್ದು ಎರಡು ಕಡ್ಡಿ ಮಾತ್ರ,
ಅಂಗಳದ ಅಕ್ಕಿ ಹೆಕ್ಕುವ ಗುಬ್ಬಿಗಳ ಹಾಗೆ.
ಕಿವಿಗೆ ಬೀಳದ ಆ ಹಾಡು
ಹದಿನಾಲ್ಕು ವರ್ಷ ಅವರ ಕೈಯಲ್ಲೇ ಉಳಿದಿತ್ತು.

ಒಡೆದ ಮಗ್ಗುಲಿಗೆ ಹಲಸಿನ ಹಲಗೆಯ ರೆಕ್ಕೆ,
ಹುಳಿ ಮೀನು ತೊಳೆಯುವ ಮರಿಗೆಯಷ್ಟು ಅಗಲ.
ಎಮ್ಮೆಕೊಂಬು ತೇಯ್ದು ಕುದುರೆಗಳು, ಎರಡು ಸಾಲು.
ತಂತಿಗೆ, ಗುಜರಿಯಿಂದ ತಂದ ಬೈಕುಗಳ ಕ್ಲಚ್ ಕೇಬಲು
ಬಿಚ್ಚಿ ಬಿಚ್ಚಿ, ಎಳೆ ಎಳೆ, ಮೂವತ್ತೆರಡು.
ಬಾರಿಸಲು ತೆಂಗಿನ ಕಡ್ಡಿ ಹಗುರಾಯಿತು, ಪೆನ್ಸಿಲು ದಪ್ಪವಾಯಿತು;
ಅಮ್ಮನ ಕ್ರೋಶ ಸೂಜಿ ಸರಿಹೋಯಿತು.
(ಅಮ್ಮ ಇವತ್ತಿಗೂ ಹುಡುಕುತ್ತಾಳೆ.)

ಬೆಳಿಗ್ಗೆ ಶ್ರುತಿ ಕೂಡಿಸಿದರೆ ಮಧ್ಯಾಹ್ನದ ಉಪ್ಪುಗಾಳಿಗೆ ಜಗ್ಗುತ್ತಿತ್ತು.
ಕೊನೆಯ ತಂತಿ ಬಿಗಿಯುವಷ್ಟರಲ್ಲಿ ಮೊದಲಿನದು ಇಳಿದಿರುತ್ತಿತ್ತು.
ನಾನು ಅಳುತ್ತಿದ್ದೆ, ಮೇಸ್ತ್ರಿ ಬೀಡಿ ಹಚ್ಚುತ್ತಿದ್ದರು:
"ಹೊಸ ಹಗ್ಗ. ಎಷ್ಟು ಎಳೆದರೆ ಎಷ್ಟು ಬಗ್ಗಬೇಕು
ಅಂತ ಅದಕ್ಕೂ ಗೊತ್ತಾಗಲಿ."

ಕುಂಬಳೆಯಲ್ಲಿ ಉಪಜಿಲ್ಲಾ ಕಲೋತ್ಸವ.
ಫಾರಮಿನಲ್ಲಿ ಎರಡೇ ಚೌಕ: ಗಿಟಾರ್, ಪಾಶ್ಚಾತ್ಯ.
ತಂತಿವಾದ್ಯ, ಪೌರಸ್ತ್ಯ.
"ಇದೆಂದಾ?" ಎಂದರು ಮೇಜಿನ ಟೀಚರು.
ಕನ್ನಡದಲ್ಲಿ ಉತ್ತರ ಹುಡುಕಿದೆ, ಕೊಂಕಣಿಯಲ್ಲಿ ಹುಡುಕಿದೆ,
ಅವರ ಮಲಯಾಳದಲ್ಲೂ ಹುಡುಕಿದೆ.
ಒಬ್ಬ ತೀರ್ಪುಗಾರರು ಆರು ತಂತಿ ಮಾತ್ರ ಲೆಕ್ಕ ಎಂದರು.
ಇನ್ನೊಬ್ಬರು ಆ ಆರರ ಮೇಲೆ ಟವೆಲು ಹಾಕು ಎಂದರು.
ಒಪ್ಪನದ ಮಕ್ಕಳಿಗೆ ಸುರ್ಮ ಹಚ್ಚಿ ಆಗಿರಲಿಲ್ಲ, ಹಾಗಾಗಿ
ವೇದಿಕೆ ಏಳು ನಿಮಿಷ ಖಾಲಿ. ಅಂಕವಿಲ್ಲದೆ ನುಡಿಸು ಎಂದರು.

ಕೈ ನಡುಗಿ ಒಂದು ಸೂಜಿ ಕೆಳಗೆ ಬಿತ್ತು,
ಮೈಕಿನ ಕಾಲ ಸಂದಿಗೆ ಹೋಗಿ ಕುಳಿತಿತು.
ಉಳಿದದ್ದು ಗಿಟಾರು. ಅಪ್ಪನ ಹಳೆಯ ಮೀಟು, ಅದೇ ಮೂರು ಪಟ್ಟು.
ಮೀಟಿ ಅಂಗೈಯಿಂದ ಅದುಮಿದೆ.
ಆರೂ ಸುಮ್ಮನಾದವು, ಸದ್ದು ನಿಲ್ಲಲಿಲ್ಲ.
ಯಾರೂ ಮುಟ್ಟದ ಮೂವತ್ತೆರಡು
ತಮ್ಮಷ್ಟಕ್ಕೆ ಗುನುಗುತ್ತಿದ್ದವು ಹಲಸಿನ ಹಲಗೆಯ ಮೇಲೆ,
ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡ ಮಾತನ್ನು
ಮನೆಗೆ ಹೋಗಿ ಮೆಲ್ಲಗೆ ಹೇಳುವವರ ಹಾಗೆ.
ಸೂಜಿ ಹೆಕ್ಕಲು ನಾನು ಬಗ್ಗಲಿಲ್ಲ.

ಹಿಂದಿನ ಬೆಂಚಿನಲ್ಲಿ ಮೇಸ್ತ್ರಿ, ಇಸ್ತ್ರಿ ಅಂಗಿ, ಹೊರಗೆ ಬಂದು ಕೇಳಿದರು:
"ಆವತ್ತು ಟೀವಿಯಲ್ಲಿ ಇದ್ದದ್ದು ಇದೇ ಶಬ್ದವಾ?"
ಆಗ ತಾನೇ ಮೊಬೈಲಿನಲ್ಲಿ ಸಂತೂರ್ ಕೇಳಿದ್ದೆ.
ಹೌದು ಎಂದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ.
ಅಲ್ಲ ಎಂದೆ.
ಬಸ್‌ಸ್ಟ್ಯಾಂಡಿನವರೆಗೆ ಮಾತಿಲ್ಲ.
ಬಸ್ಸು ಹತ್ತಿ, ವಾದ್ಯಕ್ಕೂ ಅರ್ಧ ಟಿಕೆಟು ಕೊಟ್ಟು,
ತೊಡೆಯ ಮೇಲಿಟ್ಟುಕೊಂಡರು:
"ಹಾಗಾದರೆ ಅದನ್ನೂ ಒಮ್ಮೆ ಕೇಳಬೇಕು."

ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ
ಅವರ ಮಡಿಲಲ್ಲಿ ಏನೋ ಮಿಣ್ಣಗೆ ಎದ್ದು ಕೂರುತ್ತಿತ್ತು.