ಮೈದಾ ಅಂಟು

ಭಾನುವಾರ ಜಲಸಂಧಿಯ ದಡದಲ್ಲಿ ರಯೇನ್
ಒಂದೇ ಒಂದು ಪೆಂಗ್ವಿನ್ ಕಂಡಳು, ಅದೂ ಬರೀ ಬೆನ್ನು.
ಅಷ್ಟು ಸಾಕಾಯಿತು ಎದುವೀನಾಳಿಗೆ:
ಮೈದಾ ಅಂಟು, ಹಳೇ ಪೇಪರು,
ಗಂಡನ ಹರಿದ ರೇನ್‌ಕೋಟಿನ ಕಪ್ಪು,
ಹೊಟ್ಟೆ ತುಂಬ ಮಿಠಾಯಿ.

ಪುಂತಾ ಅರೇನಾಸ್‌ನ ಗಾಳಿಗೆ ತೋರಣ ಹಾರಿ
ಪಕ್ಕದವರ ಆಂಟೆನಾಗೆ ಹುಟ್ಟುಹಬ್ಬವಾಯಿತು.
ಒಡೆಯಲೆಂದು ಕೋಲು ಕೈಗಿತ್ತರೆ
ಐದು ತುಂಬಿದ ಹುಡುಗಿ ಪೆಂಗ್ವಿನ್ನನ್ನೇ ಅಪ್ಪಿ ನಿಂತಳು:
‘ಹೊಡೆದವರ ಜೊತೆ ಠೂ.’
ಒಂಬತ್ತು ಮಕ್ಕಳೂ ಕೇಕಷ್ಟೇ ತಿಂದು
ಮುಖ ಊದಿಸಿಕೊಂಡು ಹೋದವು.

ರಾತ್ರಿ, ಅಡುಗೆಮನೆಯ ದೀಪ, ಬ್ಲೇಡು.
ಬಾಲದಡಿ ಸಣ್ಣದೊಂದು ಗಾಯ ಮಾಡಿ
ಮಿಠಾಯಿ ಸುರಿದು, ಒಂಬತ್ತು ಪೊಟ್ಟಣ ಕಟ್ಟಿ,
ಮತ್ತೆ ಅಂಟು ಬಳಿದಳು.

ಬೆಳಿಗ್ಗೆ ಎತ್ತಿಕೊಂಡ ಮಗಳು:
‘ಅಮ್ಮಾ, ಹಗುರಾಗಿದೆ. ಮೊಟ್ಟೆ ಇಟ್ಟಿತಾ?’

ಎದುವೀನಾ ಉತ್ತರಿಸಲಿಲ್ಲ.
ಅಂಟು ಇನ್ನೂ ಉಳಿದಿದೆಯಾ ಅಂತ
ಬೋಗುಣಿ ಇಣುಕಲು ಹೋದಳು.