ಕಿಲ್ಲೇದಾರನ ಅಂಗಡ್ಯಾಗಿನ ರೌಟರು

ಖಡೇಬಜಾರದ ಹಿಂದಿನ ಸಂದ್ಯಾಗ ಗುಜರಿ ಅಂಗಡಿ,
ಮಾಲಕನ ಹೆಸರು ಮಕ್ತುಮಸಾಬ ಕಿಲ್ಲೇದಾರ.
ತಕ್ಕಡ್ಯಾಗ ಇಡಾಕ ಎತ್ತಿದ್ದ, ನಾ ಕೈ ಹಿಡದೆ.
"ಯಾವದೋ ಸೊಸಾಯಿಟಿ ಮುಳಗಿತು ತಂಗಿ, ಅದರ ಮಾಲು.
ನಡೀತೈತೋ ಇಲ್ಲೋ ನನ್ನ ಕೇಳಬ್ಯಾಡ."
ಎಂಟನೂರು ಕೊಟ್ಟೆ. ಚೀಲದಾಗ ಕಲ್ಲಿನಂಗ ಕುಂತಿತು.

ನಡೀತು. ವಡಗಾವಿಯ ಮ್ಯಾಲಿನ ಖೋಲ್ಯಾಗ
ಕೆಳಗ ಮಾಲಕರ ಮಗ್ಗ ಬಡೀತಿರಬೇಕಾದ್ರ
ಅದರ ಫ್ಯಾನು ಗುಂಯ್ ಅಂದು ಹಸರ ದೀಪ ಹತ್ತಿ
ಕರೀ ಪರದಿ ಮ್ಯಾಲ ಒಂದ ಮಾತು ಕೇಳತು:
ಪಾಸ್‌ವರ್ಡ್?
ಕೀಲಿ ನಂದಲ್ಲ. ಹಾಕಿದಾಂವ ಎಲ್ಲಿದಾನೋ.

ಪಾಚ್ಛಾಪುರೆ ಸರ್ ಹೇಳಿದ್ದರು, ಮರತವರಿಗೂ ಹಾದಿ ಐತಿ,
ಬಟನ್ ಹಚ್ಚಿದ ನಿಮಿಷದೊಳಗ ಬ್ರೇಕ್ ಒತ್ತಬೇಕು.
ನನ್ನ ಲ್ಯಾಪ್‌ಟಾಪಿಗೆ ಬ್ರೇಕ್ ಕೀನೇ ಇಲ್ಲ!
ಮೂರು ರಾತ್ರಿ ಹಂಗ ಹೋದವು.
ನಾಕನೇ ರಾತ್ರಿ ಬ್ಯಾರೆ ಎರಡು ಕೀ ಕೂಡಿಸಿ ಒತ್ತಿ
ಎರಡು ಒಂದು ನಾಕು ಎರಡು ಅಂತ ಬರದೆ.
ಅಂದರ, ಹಳೇದೇನೂ ನೆನಸಬ್ಯಾಡ, ಸುಮ್ನ ಏಳು.
ಪರದಿ ತುಂಬ ಹ್ಯಾಶ್ ಗುರುತು, ಚಾಪಿ ನೇದಂಗ.
ಎದ್ದಿತು. ನೀ ಯಾರಂತ ಕೇಳಲಿಲ್ಲ.

ಹಳೇದು ಹೊಟ್ಟ್ಯಾಗ ಹಂಗ ಇತ್ತು. ಓದಿದೆ, ತಪ್ಪೋ ಸರಿಯೋ.
"ರಾಯಬಾಗ: ಮಳಿ ಬಂದರ ಲೈನ್ ಇಲ್ಲ, ಹಣಬರಗ ಫೋನ್ ಹಚ್ಚು."
"ಬೈಲಹೊಂಗಲ: ಮ್ಯಾನೇಜರ್ ಬಂದ ದಿನ ಅಷ್ಟ."
"ಖಾನಾಪುರ: ಬಂದ್."
ಕಟ್ಟಕಡೀಕ ಐದು ಬಾಗಲಾ, ಐದಕ್ಕೂ ಒಂದ ಪಾಸ್‌ವರ್ಡು,
ಏಳನೇ ನಮೂನಿಯ ಅಂಕಿ ಅಕ್ಷರದಾಗ ಮುಚ್ಚಿತ್ತು.
ಸರ್ ಅದಕ್ಕ ಸೊಳ್ಳಿಪರದಿ ಅಂತಾರ, ಗೋಡಿ ಅಲ್ಲ ಅದು.
ಹತ್ತು ಸೆಕೆಂಡಿನ್ಯಾಗ ತಗೀತು:
ಪಗಾರಯಾವಾಗ.

ದಿನಾ ಮುಂಜಾನೆ ಅದನ್ನ ಬಡದು ಒಳಗ ಹೋಗಿರಬೇಕು ಆ ಮನಿಶ್ಯಾ.
ನಗಿ ಬಂತು. ಆಮ್ಯಾಲ ತಾರೀಖು ನೋಡಿದೆ, ಇವತ್ತು ಹದಿನೆಂಟು.

ಅದರ ಮ್ಯಾಲ ಇನ್ನೊಂದ ಸಾಲಿತ್ತು, ಸೀಕ್ರೆಟ್ ಅಂತ.
ಅದು ಬೀಸಿದ ಹಿಟ್ಟು, ತಿರಗಿ ಜ್ವಾಳಾ ಆಗಂಗಿಲ್ಲ.
ಅಲ್ಲೇನ ಬೇಡಕೊಂಡಿದ್ದನೋ, ಅವನಿಗೇ ಇರಲಿ.
ಅಳಿಸಲ್ಯಾ ಅಂತ ಕೇಳತು ಯಂತ್ರ.
ಚಾ ಕುಡದು ಬಂದು ಹೂಂ ಅಂದೆ.

ಈಗ ನನ್ನ ಸರದಿ.
ಪಾಸ್‌ವರ್ಡ್ ಬರದೆ, ಲಾಗಿನ್ ಅನ್ನೂದು ಬಿಟ್ಟೆ.
ಕೀಲಿಕೈ ಕೇಳಲೇ ಇಲ್ಲ, ಒಳಗ ಬಿಟ್ಟಬಿಟ್ಟಿತು,
ಉದ್ಯಮಬಾಗದ ನಮ್ಮ ಫೌಂಡ್ರಿಯ ದುರದುಂಡಿ ಕಾಕಾನಂಗ.
ದಿನಾ ಇನ್ನೂರು ಗೇಟ್ ಪಾಸ್ ನಾನ ಬರೀತೇನಿ,
ಅಂವ ಒಂದೂ ನೋಡಂಗಿಲ್ಲ. "ಮಾರಿ ಗೊತ್ತೈತಲ್ಲ, ನಡಿ."

ಮತ್ತ ಬರದೆ. ಈ ಸಲ ಲಾಗಿನ್ ಐತಿ, ಪಾಸ್‌ವರ್ಡ್ ಇಲ್ಲ.
ಪಾಸ್‌ವರ್ಡ್ ಬೇಕು, ಆದರ ಇಟ್ಟಿಲ್ಲ ಅಂದು
ಕದಾ ಮಾರಿ ಮ್ಯಾಲ ಹಾಕ್ಕೊಂತು.
ನಾ ಕೆಲಸಕ್ಕ ಸೇರಿದ ಮೊದಲನೇ ದಿನ ಹಿಂಗ ಆಗಿತ್ತು.
ರಜಾದಾಗಿದ್ದ ಕಾಕಾನ ಬದಲಿ ಹೊಸಾಂವ ಪಾಸ್ ಕೇಳಿದ,
ಪಾಸ್ ಬರಿಯೂ ಕುರ್ಚಿ ಖಾಲಿ,
ಆ ಕುರ್ಚಿ ನಂದು.
ಹನ್ನೊಂದರ ತನಕ ಹೊರಗ ನಿಂತಿದ್ದೆ.

ಕಡೀಕ ಎರಡೂ ಸಾಲು ಕೂಡಿದವು.
ತಮ್ಮನ ಹಳೇ ಕಂಪ್ಯೂಟರಿನಿಂದ ಬಾಗಲಾ ಬಡದೆ.
ಕೇಳತು. ಬಡೀತಾ ಹೋದೆ.
ಚಿಕ್ಕಿ ಇಲ್ಲ, ಚುಕ್ಕಿ ಇಲ್ಲ, ಪರದಿ ಅಲ್ಲಾಡಲಿಲ್ಲ,
ಬೆರಳಷ್ಟ ನಡದಾವು, ಕತ್ತಲದಾಗ ಅಟ್ಟ ಹತ್ತಿದಂಗ.
ಏನ ಇಟ್ಟೆ ಅಂತ ಹೇಳೂದಿಲ್ಲ.

ತಗೀತು. ಯಂತ್ರಕ್ಕ ನಾ ಇಟ್ಟ ಹೆಸರು ಎದರ ಬಂತು:
ದುರದುಂಡಿ.
ಅದರ ಮುಂದ ಒಂದು ಗೀಟು ಮಿಣಕತಿತ್ತು, ಹೇಳು ಅಂದಂಗ.

ಪರೀಕ್ಷಾ ಮುಂದಿನ ತಿಂಗಳ ಒಂಬತ್ತಕ್ಕ.
ಫೀ ತುಂಬೂದೈತಿ,
ಪಗಾರ ಆದಮ್ಯಾಲ.